ಐರನ್ ಡ್ರಿಪ್, ಸನ್‌ಸ್ಕ್ರೀನ್, ಪೇಂಟ್ ಪುಡಿ: ನ್ಯಾನೊ ಅಂದ್ರೆ ಇದ್ರಲ್ಲಿ ಯಾವುದಕ್ಕೆ ಹೆದರಬೇಕು?

ಪ್ರಶ್ನೆ: ನಮ್ಮದು ದಾವಣಗೆರೆ, ನನಗೀಗ ಐದು ತಿಂಗಳು. ಹಿಮೋಗ್ಲೋಬಿನ್ 8.2 ಇದೆ, ಐರನ್ ಸುಕ್ರೋಸ್ ಡ್ರಿಪ್ ಹಾಕಿಸ್ಕೊಳ್ಳಿ ಅಂದಿದಾರೆ ಡಾಕ್ಟ್ರು. ಅದು ನ್ಯಾನೊ ಔಷಧಿ, ನ್ಯಾನೊ ಕಣ ಮೆದುಳಿಗೂ ಹೋಗತ್ತೆ ಹೊಟ್ಟೇಲಿರೋ ಮಗುಗೂ ಹೋಗತ್ತೆ ಅಂತ ಫ್ಯಾಮಿಲಿ ಗ್ರೂಪಲ್ಲಿ ಒಂದು ಮೆಸೇಜ್ ಓಡಾಡ್ತಿದೆ. ನನ್ನ ಸನ್‌ಸ್ಕ್ರೀನ್ ಟ್ಯೂಬ್ ಮೇಲೂ ಜಿಂಕ್ ಆಕ್ಸೈಡ್ ನ್ಯಾನೊ ಅಂತಿದೆ, ಟೂತ್‌ಪೇಸ್ಟಲ್ಲಿ ಟೈಟಾನಿಯಂ ಡೈಆಕ್ಸೈಡ್ ಇದೆ, ಅದನ್ನ ಯುರೋಪಲ್ಲಿ ಬ್ಯಾನ್ ಮಾಡಿದಾರಂತೆ. ಅತ್ತೆ ಬೇರೆ ಮಗು ಹುಟ್ಟಿದ್ಮೇಲೆ ಸ್ವರ್ಣಪ್ರಾಶನ ಮಾಡಿಸ್ಲೇಬೇಕು ಅಂತಾರೆ, ಅದೂ ನ್ಯಾನೊನೇ ಅಂತೆ. ನನ್ನ ತಮ್ಮ ಪೀಣ್ಯದಲ್ಲಿ ಒಂದು ಪೇಂಟ್ ಯೂನಿಟ್ಟಲ್ಲಿ ಬಿಳಿ ಪುಡಿ ಮಿಕ್ಸ್ ಮಾಡೋ ಕೆಲಸ ಮಾಡ್ತಾನೆ, ಅವನು ಇದೆಲ್ಲ ಏನೂ ಆಗಲ್ಲ ಬಿಡು ಅಂತ ನಗ್ತಾನೆ. ಇದನ್ನೆಲ್ಲ ಯಾರಾದ್ರೂ ಟೆಸ್ಟ್ ಮಾಡ್ತಾರಾ, ಇಲ್ಲ ಸುಮ್ನೆ ಮಾರ್ತಾರಾ?

ಉತ್ತರ:

ಮೊದಲು ಡ್ರಿಪ್ ವಿಷ್ಯ ಮುಗಿಸಿಬಿಡ್ತೀನಿ, ಯಾಕಂದ್ರೆ ಅದು ಕಾಯೋ ಅಂಥದ್ದಲ್ಲ. ಹಾಕಿಸ್ಕೊಳ್ಳಿ. ಐದನೇ ತಿಂಗಳಲ್ಲಿ 8.2 ಅಂದ್ರೆ ಸಣ್ಣ ವಿಷ್ಯ ಅಲ್ಲ, ಹೆರಿಗೆ ಟೈಮಲ್ಲಿ ಒಂಚೂರು ಜಾಸ್ತಿ ರಕ್ತ ಹೋದ್ರೂ ತಡ್ಕೊಳ್ಳೋದು ಕಷ್ಟ, ಆ ಅಪಾಯದ ಮುಂದೆ ಈ ಮೆಸೇಜಿನ ಹೆದರಿಕೆ ಲೆಕ್ಕಕ್ಕೇ ಬರಲ್ಲ. ಹಾಗಂತ ಮೆಸೇಜಲ್ಲಿರೋದು ಪೂರ್ತಿ ಸುಳ್ಳು ಅಂತಾನೂ ಹೇಳಲ್ಲ ನಾನು. ಐರನ್ ಸುಕ್ರೋಸ್ ನಿಜವಾಗ್ಲೂ ನ್ಯಾನೊ ಔಷಧಿನೇ. ಬಾಟ್ಲಿ ಮೇಲೆ ಹಾಗಂತ ಬರೆದಿರಲ್ಲ ಅಷ್ಟೇ.

ಕಬ್ಬಿಣನ ಸೀದಾ ಉಪ್ಪಿನ ರೂಪದಲ್ಲಿ ರಕ್ತನಾಳಕ್ಕೆ ಬಿಟ್ರೆ ವಿಷ ಆಗತ್ತೆ, ಬಿಪಿ ಬಿದ್ದುಹೋಗತ್ತೆ. ಅದಕ್ಕೇ ಕಬ್ಬಿಣದ ಹೈಡ್ರಾಕ್ಸೈಡಿನ ಕೆಲವೇ ನ್ಯಾನೊಮೀಟರಿನ ಒಂದು ತಿರುಳು ಮಾಡಿ ಅದರ ಸುತ್ತ ಸುಕ್ರೋಸ್, ಅಂದ್ರೆ ನಾವು ಕಾಫಿಗೆ ಹಾಕ್ಕೊಳ್ಳೋ ಸಕ್ಕರೆನೇ, ಕವಚ ಕಟ್ಟಿರ್ತಾರೆ. ಡ್ರಿಪ್ ಒಳಗೆ ಹೋದ್ಮೇಲೆ ಲಿವರ್, ಗುಲ್ಮ, ಮೂಳೆ ಮಜ್ಜೆಯಲ್ಲಿರೋ ಮ್ಯಾಕ್ರೋಫೇಜ್ ಅನ್ನೋ ಜೀವಕೋಶಗಳು ಈ ಕಣಗಳನ್ನ ನುಂಗಿ, ಒಡೆದು, ಕಬ್ಬಿಣನ ಸ್ವಲ್ಪ ಸ್ವಲ್ಪವಾಗಿ ಟ್ರಾನ್ಸ್‌ಫೆರಿನ್ ಅನ್ನೋ ಪ್ರೋಟೀನಿನ ಕೈಗೆ ಕೊಡ್ತವೆ. ಮಗುಗೆ ಹೋಗೋದು ಆ ಟ್ರಾನ್ಸ್‌ಫೆರಿನ್ ಹೊತ್ತು ತಂದ ಕಬ್ಬಿಣ, ಸೊಪ್ಪು ತಿಂದ್ರೂ ಕಬ್ಬಿಣದ ಮಾತ್ರೆ ನುಂಗಿದ್ರೂ ಮಾಸು ತಗೊಳ್ಳೋದು ಅದೇ ದಾರೀಲೇ. ಅಂದ್ರೆ ಇಲ್ಲಿ ಕಣ ಅನ್ನೋದು ಸ್ವಲ್ಪ ಹೊತ್ತಿನ ವೇಷ ಅಷ್ಟೇ, ಕೊನೆಗೆ ಉಳಿಯೋದು ದೇಹಕ್ಕೆ ಗುರುತಿರೋ ವಸ್ತು. ಮೊದಲ ಮೂರು ತಿಂಗಳು ಬಿಟ್ಟು ಆಮೇಲೆ ಕೊಡೋದು ರೂಢಿ, ನೀವು ಅದನ್ನ ದಾಟಿದೀರಿ. ಅಲರ್ಜಿ ರಿಯಾಕ್ಷನ್ ಅಪರೂಪ, ಆದ್ರೆ ಆಗಬಹುದು, ಅದಕ್ಕೆ ಡ್ರಿಪ್ ಮುಗಿದ ತಕ್ಷಣ ಎದ್ದು ಬಸ್ ಹಿಡೀಬೇಡಿ, ಅರ್ಧ ಗಂಟೆ ಅಲ್ಲೇ ಕೂತಿರಿ. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಎಲ್ಲಾ ಐರನ್ ಇಂಜೆಕ್ಷನ್ನಿಗೂ ಹೇಳಿದ್ದು ಇದೇ ಮೂವತ್ತು ನಿಮಿಷ. ಎದೆ ಬಿಗಿಯೋದು, ತುರಿಕೆ, ತಲೆ ಸುತ್ತು ಬಂದ್ರೆ ನಾಚ್ಕೊಳ್ದೆ ಸಿಸ್ಟರನ್ನ ಕರೀರಿ.

ಈಗ ಇದೇ ಔಷಧಿ ಇಟ್ಕೊಂಡು ನ್ಯಾನೊ ಸುರಕ್ಷತೆ ಪರೀಕ್ಷೆ ಯಾಕೆ ತಲೆನೋವು ಅಂತ ಹೇಳ್ತೀನಿ ಕೇಳಿ. ಮಾಮೂಲಿ ಪ್ಯಾರಾಸಿಟಮಾಲ್ ತಗೊಳ್ಳಿ, ಯಾವ ಕಂಪನಿ ಮಾಡಿದ್ರೂ ಅಣು ಒಂದೇ, ರಕ್ತದಲ್ಲಿ ಎಷ್ಟು ಬಂತು ಅಂತ ಅಳೆದು ಎರಡೂ ಒಂದೇ ಅಂತ ಸೀಲ್ ಹೊಡೀಬಹುದು. ಐರನ್ ಸುಕ್ರೋಸಲ್ಲಿ ಹಾಗಲ್ಲ, ಎಷ್ಟು ಡಿಗ್ರೀಲಿ ಬೇಯಿಸಿದ್ರು, ಆಮ್ಲ ಕ್ಷಾರ ಎಷ್ಟಿತ್ತು, ಸಕ್ಕರೆ ಯಾವಾಗ ಹಾಕಿದ್ರು ಅನ್ನೋದ್ರ ಮೇಲೆ ತಿರುಳಿನ ಗಾತ್ರ, ಕವಚದ ಬಿಗಿ ಎಲ್ಲಾ ಬದಲಾಗತ್ತೆ. ಕವಚ ಸಡಿಲ ಇದ್ರೆ ಕಬ್ಬಿಣ ಮ್ಯಾಕ್ರೋಫೇಜ್ ತನಕ ಹೋಗದೆ ದಾರೀಲೇ ರಕ್ತಕ್ಕೆ ಸೋರತ್ತೆ. ಫ್ರಾನ್ಸಲ್ಲಿ ಒಂದು ಡಯಾಲಿಸಿಸ್ ಸೆಂಟರಲ್ಲಿ 75 ರೋಗಿಗಳನ್ನ ಮೂಲ ಕಂಪನಿಯ ಔಷಧಿಯಿಂದ ಅದರ ತದ್ರೂಪಿ ಅಂತ ಬಂದ ಔಷಧಿಗೆ ಬದಲಾಯಿಸಿದ್ರು, ಹೆಸರು ಒಂದೇ ಕಬ್ಬಿಣದ ಲೆಕ್ಕನೂ ಒಂದೇ, ಆದ್ರೂ ಹಿಮೋಗ್ಲೋಬಿನ್ ಕೆಳಗೆ ಬಂತು, ಮೊದಲಿನ ಮಟ್ಟ ಹಿಡಿಯೋಕೆ ಐರನ್ ಡೋಸ್ ಸುಮಾರು ಮೂರರಲ್ಲೊಂದು ಪಾಲು ಜಾಸ್ತಿ ಬೇಕಾಯ್ತು, 2011ರಲ್ಲಿ ಇದು ಪ್ರಕಟ ಆಯ್ತು. ಆಮೇಲೆ 2015ರಲ್ಲಿ ಯುರೋಪಿನ ಔಷಧ ಸಂಸ್ಥೆ ಬರೀ ಐರನ್ ಕಣಗಳಿಗೋಸ್ಕರ ಪ್ರತ್ಯೇಕ ದಾಖಲೆ ಹೊರಡಿಸಿ, ರಕ್ತದ ಲೆಕ್ಕ ಒಂದೇ ಸಾಲದು, ಲಿವರ್ ಗುಲ್ಮಗಳಲ್ಲಿ ಎಲ್ಲೆಲ್ಲಿ ಎಷ್ಟು ಕೂರತ್ತೆ ಅಂತಾನೂ ತೋರಿಸಿ ಅಂತ ಕೇಳ್ತು. ನಿಮಗೆ ಇದ್ರಿಂದ ಆಗೋ ಪ್ರಯೋಜನ ಇಷ್ಟೇ, ನಾಲ್ಕೈದು ಡೋಸ್ ಇದ್ರೆ ಆದಷ್ಟು ಒಂದೇ ಕಂಪನಿದು ಹಾಕಿಸ್ಕೊಳ್ಳಿ, ಬಾಟ್ಲಿದೊಂದು ಫೋಟೋ ತೆಗೆದಿಟ್ಕೊಳ್ಳಿ.

ಸರಿ, ನ್ಯಾನೊ ಅಂದ್ರೆ ಎಷ್ಟು ಸಣ್ಣ? 1ರಿಂದ 100 ನ್ಯಾನೊಮೀಟರ್ ಅನ್ನೋದು ಸಾಮಾನ್ಯ ಲೆಕ್ಕ, ತಲೆಕೂದಲು ಸುಮಾರು 80,000 ನ್ಯಾನೊಮೀಟರ್ ದಪ್ಪ ಇರತ್ತೆ. ಅಮೆರಿಕದ ಆಹಾರ ಮತ್ತೆ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾತ್ರ 100ಕ್ಕೇ ಗೆರೆ ಎಳೆಯಲ್ಲ, 1000 ನ್ಯಾನೊಮೀಟರ್ ತನಕ ಇದ್ರೂ ಗಾತ್ರದಿಂದ ಗುಣ ಬದಲಾಗಿದ್ರೆ ನಮಗೆ ತೋರಿಸಿ ಅನ್ನತ್ತೆ, ನನಗೆ ಕೇಳಿದ್ರೆ ಅದೇ ಬುದ್ಧಿವಂತಿಕೆ. ಗಾತ್ರದಿಂದ ಗುಣ ಯಾಕೆ ಬದಲಾಗತ್ತೆ ಅಂದ್ರೆ ಮೇಲ್ಮೈ. ಬೆಲ್ಲದ ಅಚ್ಚು ಹಾಗೇ ನೀರಿಗೆ ಹಾಕಿದ್ರೆ ಕರಗೋಕೆ ಎಷ್ಟೊತ್ತು, ಅದೇ ಕುಟ್ಟಿ ಪುಡಿ ಮಾಡಿ ಹಾಕಿದ್ರೆ ಎಷ್ಟೊತ್ತು ಅಂತ ಪಾಯಸ ಮಾಡೋರಿಗೆ ಗೊತ್ತು. ಲೆಕ್ಕದಲ್ಲಿ ಹೇಳೋದಾದ್ರೆ, 10 ಮೈಕ್ರೋಮೀಟರಿನ ಒಂದು ಕಣನ ಅಷ್ಟೇ ತೂಕದ 100 ನ್ಯಾನೊಮೀಟರ್ ಕಣಗಳಾಗಿ ಒಡೆದ್ರೆ ಕಣಗಳ ಸಂಖ್ಯೆ ಹತ್ತು ಲಕ್ಷ ಆಗತ್ತೆ, ಒಟ್ಟು ಮೇಲ್ಮೈ ನೂರು ಪಟ್ಟು ಆಗತ್ತೆ. ರಾಸಾಯನಿಕ ಕ್ರಿಯೆ ನಡೆಯೋದೆಲ್ಲ ಮೇಲ್ಮೈಲೇ ಅಲ್ವಾ. ಹಾಗಾಗಿ ಮಿಲಿಗ್ರಾಂ ಲೆಕ್ಕದಲ್ಲಿ ಡೋಸ್ ಹೇಳೋ ನಮ್ಮ ಹಳೇ ಅಭ್ಯಾಸ ಇಲ್ಲಿ ಅರ್ಧಂಬರ್ಧ ಕೆಲಸ ಮಾಡತ್ತೆ.

ಇನ್ನು ಮೆದುಳಿನ ವಿಷ್ಯ. ಈ ಮಾತು ಹುಟ್ಟಿದ್ದು ಗಾಳೀಲಿ ಅಲ್ಲ. 2004ರಲ್ಲಿ ಅಮೆರಿಕದಲ್ಲಿ ಇಲಿಗಳಿಗೆ ಸುಮಾರು 36 ನ್ಯಾನೊಮೀಟರಿನ ಇಂಗಾಲದ ಕಣಗಳನ್ನ ಉಸಿರಾಡಿಸಿ ನೋಡಿದಾಗ, ಮೂಗಿನಿಂದ ವಾಸನೆಯ ನರದ ಗುಂಟ ಮೆದುಳಿನ ವಾಸನೆ ಭಾಗಕ್ಕೆ ಇಂಗಾಲ ಸೇರಿರೋದು ಕಂಡುಬಂತು. 2016ರಲ್ಲಿ ಮೆಕ್ಸಿಕೊ ಸಿಟಿ ಮತ್ತೆ ಮ್ಯಾಂಚೆಸ್ಟರಲ್ಲಿ ಸತ್ತವರ ಮೆದುಳಲ್ಲಿ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಆಕ್ಸೈಡ್ ಕಣ ಸಿಕ್ತು, ಅವುಗಳ ಆಕಾರ ನೋಡಿದ್ರೆ ಎಂಜಿನ್ ಮತ್ತೆ ಬೆಂಕಿಯ ಹೊಗೇಲಿ ಹುಟ್ಟೋ ಅಂಥವು ಅಂತ ಸಂಶೋಧಕರು ಹೇಳಿದ್ರು. ಮಾಸಿನ ಬಗ್ಗೆನೂ 2010ರಲ್ಲಿ ಸ್ವಿಟ್ಜರ್ಲೆಂಡಲ್ಲಿ, ಹೆರಿಗೆ ಆದ್ಮೇಲೆ ದಾನ ಕೊಟ್ಟ ಮಾಸನ್ನ ಲ್ಯಾಬಲ್ಲಿ ಜೀವಂತ ಇಟ್ಟು ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ಕಿನ ಕಣ ಹಾಯಿಸಿದಾಗ 240 ನ್ಯಾನೊಮೀಟರ್ ತನಕದವು ದಾಟಿದ್ವು. ಗಮನಿಸಿ, ಇಂಗಾಲ, ಮ್ಯಾಗ್ನೆಟೈಟ್, ಪಾಲಿಸ್ಟೈರೀನ್, ಮೂರೂ ದೇಹದಲ್ಲಿ ಸುಲಭಕ್ಕೆ ಕರಗದೇ ಇರೋ ವಸ್ತುಗಳು, ಮೊದಲೆರಡು ಉಸಿರಿನ ಮೂಲಕ ಹೋಗೋವು. ನಿಮ್ಮ ಡ್ರಿಪ್ಪಲ್ಲಿರೋದು ದೇಹ ಒಡೆದು ಬಳಸೋ ಕಣ. ಮೆಸೇಜ್ ಬರೆದವರು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿದಾರೆ. ಒಂದು ಕಣದ ಬಗ್ಗೆ ನಾನು ಮೊದಲು ಕೇಳೋದು ಯಾವುದರಿಂದ ಮಾಡಿದ್ದು, ಕರಗತ್ತಾ ಇಲ್ವಾ, ಯಾವ ದಾರೀಲಿ ಒಳಗೆ ಹೋಗತ್ತೆ ಅಂತ, ಎಷ್ಟು ಸಣ್ಣದು ಅನ್ನೋದು ಆಮೇಲಿನ ಮಾತು.

ಆ ದೃಷ್ಟೀಲಿ ನಿಮ್ಮ ಸನ್‌ಸ್ಕ್ರೀನ್ ನೋಡೋಣ. ಆಸ್ಟ್ರೇಲಿಯಾದಲ್ಲಿ ಒಂದು ಚೆಂದದ ಪ್ರಯೋಗ ಆಗಿದೆ. ನಮ್ಮ ರಕ್ತದಲ್ಲಿ ಮೊದಲೇ ಜಿಂಕ್ ಇರತ್ತೆ, ಹಾಗಾಗಿ ಕ್ರೀಮಿಂದ ಬಂದ ಜಿಂಕ್ ಯಾವುದು ಊಟದಿಂದ ಬಂದಿದ್ದು ಯಾವುದು ಅಂತ ಹೇಳೋಕೆ ಆಗಲ್ಲ. ಅದಕ್ಕೆ ಅವರು ಜಿಂಕ್ 68 ಅನ್ನೋ ಐಸೊಟೋಪನ್ನ, ಅಂದ್ರೆ ಪರಮಾಣುವಿನ ತೂಕದಿಂದ ಬೇರೆ ಗುರುತು ಹಿಡೀಬಹುದಾದ ಜಿಂಕನ್ನ, ಜಾಸ್ತಿ ಮಾಡಿದ ಜಿಂಕ್ ಆಕ್ಸೈಡಿಂದ ಸನ್‌ಸ್ಕ್ರೀನ್ ತಯಾರಿಸಿ, 20 ಜನಕ್ಕೆ ಐದು ದಿನ ಸಿಡ್ನಿಯ ಬೀಚಲ್ಲಿ ಬಿಸಿಲಲ್ಲೇ ಹಚ್ಚಿಸಿ, ಅವರ ರಕ್ತ ಮೂತ್ರ ಎರಡನ್ನೂ ಅಳೆದ್ರು. 2010ರಲ್ಲಿ ಬಂದ ಫಲಿತಾಂಶ ಏನಂದ್ರೆ, ಒಳಗೆ ಹೋಗಿದ್ದು ನಿಜ, ಆದ್ರೆ ರಕ್ತದಲ್ಲಿ ಮೊದಲೇ ಇರೋ ಜಿಂಕಿನ ಸಾವಿರದಲ್ಲೊಂದು ಪಾಲಿನಷ್ಟು. ಅದೂ ಕಣವಾಗಿ ಹೋಯ್ತಾ ಕರಗಿದ ಜಿಂಕಾಗಿ ಹೋಯ್ತಾ ಅಂತ ಈ ವಿಧಾನದಲ್ಲಿ ಹೇಳಕ್ಕಾಗಲ್ಲ, ಆದ್ರೆ ಜಿಂಕ್ ಆಕ್ಸೈಡ್ ಬೆವರಿನ ಹುಳಿಗೆ ಕರಗೋ ವಸ್ತು ಆಗಿರೋದ್ರಿಂದ ಕರಗಿ ಹೋಗಿರೋ ಸಾಧ್ಯತೆನೇ ಜಾಸ್ತಿ ಅಂತ ನನ್ನ ಅಂದಾಜು. ಗಾಯ ಇಲ್ಲದ ಚರ್ಮದಲ್ಲಿ ಕಣಗಳು ಮೇಲಿನ ಸತ್ತ ಪದರದಲ್ಲೇ ನಿಂತುಬಿಡ್ತವೆ ಅಂತ ಬೇರೆ ಬೇರೆ ಕಡೆ ಬಂದ ವರದಿಗಳೂ ಹೇಳ್ತವೆ. 2019ರಲ್ಲಿ ಎಫ್‌ಡಿಎ ಸನ್‌ಸ್ಕ್ರೀನ್ ನಿಯಮದ ಕರಡು ತಂದಾಗ, ಈಗಿರೋ ಡೇಟಾದಲ್ಲೇ ಸುರಕ್ಷಿತ ಅಂತ ಒಪ್ಪಿದ್ದು ಎರಡೇ ಎರಡನ್ನ, ಜಿಂಕ್ ಆಕ್ಸೈಡ್ ಮತ್ತೆ ಟೈಟಾನಿಯಂ ಡೈಆಕ್ಸೈಡ್. ನ್ಯಾನೊ ಅಂತ ಹೆದರಿ ಜನ ಓಡಿಹೋಗ್ತಾ ಇರೋ ಕೆಮಿಕಲ್ ಸನ್‌ಸ್ಕ್ರೀನ್‌ಗಳೇ ಚರ್ಮ ದಾಟಿ ರಕ್ತಕ್ಕೆ ಸೇರ್ತವೆ ಅಂತ ಅದೇ ವರ್ಷ ಎಫ್‌ಡಿಎ ಸಂಶೋಧಕರೇ ತೋರಿಸಿದ್ರು. ರಕ್ತಕ್ಕೆ ಸೇರಿದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಆದ್ರೆ ಗರ್ಭಿಣಿ ಕೇಳಿದ್ರೆ ನಾನು ಜಿಂಕ್ ಇರೋದನ್ನೇ ಹಚ್ಚಿ ಅಂತೀನಿ.

ಟೈಟಾನಿಯಂ ಡೈಆಕ್ಸೈಡಿಂದು ಬೇರೆ ಕಥೆ, ಅದು ಕರಗಲ್ಲ, ಮತ್ತೆ ಬಿಸಿಲು ಬಿದ್ರೆ ಅದರ ಮೇಲ್ಮೈಲಿ ರಾಸಾಯನಿಕ ಕ್ರಿಯೆ ಶುರುವಾಗತ್ತೆ. ಇದಕ್ಕೆ ನನಗೆ ತುಂಬಾ ಇಷ್ಟದ ಸಾಕ್ಷಿ ಯಾವ ಲ್ಯಾಬಿಂದೂ ಅಲ್ಲ, ಮನೆ ಛಾವಣಿದು. ಆಸ್ಟ್ರೇಲಿಯಾದಲ್ಲಿ ಬಣ್ಣ ಹಚ್ಚಿದ ಸ್ಟೀಲ್ ಶೀಟಿನ ಛಾವಣಿಗಳ ಮೇಲೆ ಅಲ್ಲಲ್ಲಿ ಕೈಬೆರಳಿನ ಗುರುತುಗಳಿರೋ ಜಾಗದಲ್ಲೇ ಬಣ್ಣ ಬೇಗ ಮಾಸಿ ಪುಡಿಪುಡಿ ಆಗ್ತಿತ್ತು, ಹುಡುಕಿ ನೋಡಿದ್ರೆ ಛಾವಣಿ ಹಾಕಿದ ಕೆಲಸಗಾರರು ಬಿಸಿಲಿಗೆ ಅಂತ ಸನ್‌ಸ್ಕ್ರೀನ್ ಹಚ್ಕೊಂಡ ಕೈಯಲ್ಲೇ ಶೀಟ್ ಹಿಡಿದಿದ್ರು, ಅದರಲ್ಲಿದ್ದ ಅನಟೇಸ್ ಅನ್ನೋ ಜಾತಿಯ ಟೈಟಾನಿಯಂ ಡೈಆಕ್ಸೈಡ್ ಪೇಂಟನ್ನ ತಿಂತಾ ಇತ್ತು. 2008ರಲ್ಲಿ ಇದು ಪ್ರಕಟ ಆಯ್ತು. ಕಣದ ಗಾತ್ರ ಎಷ್ಟು ಅಂತ ಮಾತ್ರ ಕೇಳಿ ಸುಮ್ನಾಗಿದ್ರೆ ಇದು ಗೊತ್ತಾಗ್ತಾನೇ ಇರಲಿಲ್ಲ, ಅದೇ ಗಾತ್ರದ ರೂಟೈಲ್ ಜಾತಿದಕ್ಕೆ, ಅದೂ ಮೇಲೆ ಸಿಲಿಕಾ ಅಥವಾ ಅಲ್ಯೂಮಿನಾ ಕೋಟಿಂಗ್ ಇದ್ರೆ, ಈ ಚಾಳಿ ತುಂಬಾ ಕಮ್ಮಿ. ಯುರೋಪಿನ ನಿಯಮದಲ್ಲಿ ಈಗ ಹರಳಿನ ಜಾತಿ ಯಾವುದು, ಕೋಟಿಂಗ್ ಏನು, 25 ಪರ್ಸೆಂಟಿಗಿಂತ ಜಾಸ್ತಿ ಹಾಕೋ ಹಾಗಿಲ್ಲ, ಇಷ್ಟೆಲ್ಲ ಇದೆ, ಅದ್ರ ಜೊತೆ ಶ್ವಾಸಕೋಶಕ್ಕೆ ಹೋಗೋ ಅಂಥ ಸ್ಪ್ರೇ ರೂಪದಲ್ಲಿ ಬಳಸೋ ಹಾಗಿಲ್ಲ ಅನ್ನೋ ಷರತ್ತೂ ಇದೆ. ಜುಲೈ 2013ರಿಂದ ಅಲ್ಲಿ ಲೇಬಲಲ್ಲಿ ನ್ಯಾನೊ ಅಂತ ಬರೆಯೋದು ಕಡ್ಡಾಯ, ನಿಮ್ಮ ಟ್ಯೂಬ್ ಮೇಲೆ ಇರೋದು ಬಹುಶಃ ಅಲ್ಲಿನ ಮಾರ್ಕೆಟಿಗೂ ಮಾಡಿರೋ ಪ್ಯಾಕ್. ನಮ್ಮಲ್ಲಿ ಆ ಕಡ್ಡಾಯ ಇಲ್ಲ, ಹಾಗಾಗಿ ಲೇಬಲಲ್ಲಿ ನ್ಯಾನೊ ಇಲ್ಲ ಅಂದ್ರೆ ಟ್ಯೂಬಲ್ಲೂ ಇಲ್ಲ ಅಂತ ಅಂದ್ಕೊಳ್ಳೋ ಹಾಗಿಲ್ಲ.

ಸ್ಪ್ರೇ ವಿಷ್ಯ ಬಂತಲ್ಲ, ಒಂದು ಘಟನೆ. 2006ರ ಮಾರ್ಚಲ್ಲಿ ಜರ್ಮನೀಲಿ ಮ್ಯಾಜಿಕ್ ನ್ಯಾನೊ ಅಂತ ಬಾತ್‌ರೂಮ್ ಗಾಜಿಗೆ ಹೊಡೆಯೋ ಸ್ಪ್ರೇ ಮಾರ್ಕೆಟಿಗೆ ಬಂತು, ಕೆಲವೇ ದಿನದಲ್ಲಿ ನೂರರ ಹತ್ತಿರ ಜನಕ್ಕೆ ಉಸಿರಾಟದ ತೊಂದರೆ, ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಿದ್ರು, ಕಂಪನಿ ಎಲ್ಲಾ ಡಬ್ಬಿ ವಾಪಸ್ ತಗೊಳ್ತು, ನ್ಯಾನೊ ದುರಂತ ಅಂತ ಪ್ರಪಂಚ ಪೂರ್ತಿ ಸುದ್ದಿ. ಆಮೇಲೆ ಜರ್ಮನ್ ಸರ್ಕಾರಿ ಸಂಸ್ಥೆ ಬಿಎಫ್ಆರ್ ಪರೀಕ್ಷೆ ಮಾಡಿಸಿದ್ರೆ ಅದರಲ್ಲಿ ನ್ಯಾನೊ ಕಣವೇ ಇರಲಿಲ್ಲ. ಹೆಸರಿಗೆ ಮಾತ್ರ ನ್ಯಾನೊ. ಏರೊಸಾಲ್ ಡಬ್ಬಿ ಮಾಡೋ ತೀರಾ ನವಿರಾದ ಹನಿ ಶ್ವಾಸಕೋಶದ ಆಳಕ್ಕೆ ಹೋಗಿದ್ದೇ ಕಾರಣ ಅಂತ ಅನುಮಾನ, ಅದೇ ದ್ರವನ ಪಂಪ್ ಬಾಟ್ಲೀಲಿ ಮಾರ್ತಿದ್ದಾಗ ಯಾರಿಗೂ ಏನೂ ಆಗಿರಲಿಲ್ಲ.

ಟೂತ್‌ಪೇಸ್ಟ್. ಯುರೋಪಲ್ಲಿ ಬ್ಯಾನ್ ಆಗಿದ್ದು ನಿಜ, ಆದ್ರೆ ಬ್ಯಾನ್ ಆಗಿದ್ದು ತಿನ್ನೋ ಪದಾರ್ಥದಲ್ಲಿ, ಇ 171 ಅನ್ನೋ ಬಿಳಿ ಬಣ್ಣವಾಗಿ. ಕಥೆ ಹೀಗಿದೆ: 2017ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಿಗೆ ನೂರು ದಿನ ಇ 171 ಕುಡಿಸಿ ನೋಡಿದಾಗ ಸುಮಾರು 40 ಪರ್ಸೆಂಟ್ ಇಲಿಗಳ ದೊಡ್ಡ ಕರುಳಲ್ಲಿ ಕ್ಯಾನ್ಸರಿಗೆ ಮುಂಚಿನ ಥರದ ಬದಲಾವಣೆ ಕಂಡ್ವು, ಹನ್ನೊಂದೋ ಹನ್ನೆರಡೋ ಇಲಿಯ ಗುಂಪು ಅದು, ದೊಡ್ಡ ಸಂಖ್ಯೆ ಏನಲ್ಲ. 2019ರಲ್ಲಿ ಉದ್ಯಮದವರೇ ದುಡ್ಡು ಕೊಟ್ಟು ಮಾಡಿಸಿದ ಇನ್ನೊಂದು ಅಧ್ಯಯನ ಬಂತು, ಅದರಲ್ಲಿ ಏನೂ ಕಾಣಲಿಲ್ಲ. ಒಂದು ದೊಡ್ಡ ವ್ಯತ್ಯಾಸ ಏನಪ್ಪಾ ಅಂದ್ರೆ ಮೊದಲನೆಯವರು ಪುಡಿನ ನೀರಲ್ಲಿ ಹಾಕಿ ಅಲ್ಟ್ರಾಸೌಂಡ್ ಕೊಟ್ಟು ಕಣಗಳನ್ನ ಬಿಡಿಬಿಡಿಯಾಗಿಸಿ ಕೊಟ್ಟಿದ್ರು, ಎರಡನೆಯವರು ಆಹಾರಕ್ಕೆ ಕಲಸಿದ್ರು, ಅಲ್ಲಿ ಕಣಗಳು ಒಂದಕ್ಕೊಂದು ಅಂಟ್ಕೊಂಡು ಗಂಟಾಗಿರ್ತವೆ. ಯಾವುದು ನಾವು ನಿಜವಾಗಿ ತಿನ್ನೋ ರೂಪ ಅನ್ನೋದೇ ಜಗಳ. 2021ರ ಮೇನಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಫ್ಸಾ, ಡಿಎನ್ಎಗೆ ಹಾನಿ ಆಗಲ್ಲ ಅಂತ ಖಚಿತವಾಗಿ ಹೇಳಕ್ಕಾಗಲ್ಲ, ಹಾಗಾಗಿ ಸುರಕ್ಷಿತ ಅಂತ ಇನ್ಮೇಲೆ ಪರಿಗಣಿಸಲ್ಲ ಅಂದುಬಿಡ್ತು, ಹಾನಿ ಆಗತ್ತೆ ಅಂತ ಅದು ಹೇಳಲಿಲ್ಲ. 2022ರಲ್ಲಿ ಬ್ಯಾನ್ ಜಾರಿಗೆ ಬಂತು. ಅದೇ ಕಾಗದ ಪತ್ರ ನೋಡಿದ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದವರು ಬ್ಯಾನ್ ಬೇಕಾಗಿಲ್ಲ ಅಂದ್ರು, ಅಮೆರಿಕದಲ್ಲಿ ಇನ್ನೂ ಆಹಾರದ ತೂಕದ 1 ಪರ್ಸೆಂಟ್ ತನಕ ಹಾಕಬಹುದು. ಒಂದೇ ಡೇಟಾ, ಎರಡು ತೀರ್ಮಾನ. ಔಷಧಿ ಮಾತ್ರೆಗಳ ಬಿಳಿ ಕೋಟಿಂಗಲ್ಲಿ ಯುರೋಪಲ್ಲೂ ಬ್ಯಾನ್ ಆಗಲಿಲ್ಲ, ಯಾಕಂದ್ರೆ ಸಾವಿರಾರು ಮಾತ್ರೆಗಳನ್ನ ಒಂದೇ ಸಲ ಬದಲಾಯಿಸೋಕೆ ಹೋದ್ರೆ ಔಷಧಿಗೇ ಅಭಾವ ಆಗತ್ತೆ ಅನ್ನೋ ಭಯ.

ನನ್ನ ಅಭಿಪ್ರಾಯ ಕೇಳಿದ್ರೆ, ಪೇಸ್ಟ್ ಉಗಿದುಬಿಡ್ತೀವಿ, ದೊಡ್ಡವರು ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ. ಚಿಕ್ಕ ಮಕ್ಕಳು ಪೇಸ್ಟ್ ನುಂಗ್ತಾರೆ, ಅವರಿಗೆ ಬಿಳಿ ಬಣ್ಣ ಹಾಕದ ಜೆಲ್ ಸಿಗತ್ತೆ, ಅದನ್ನ ತಗೊಳ್ಳಿ. ತಿನ್ನೋದ್ರಲ್ಲಿ ಬೆಳ್ಳಗೆ ಕಾಣ್ಲಿ ಅಂತ ಹಾಕೋ ವಸ್ತು ಅದು, ರುಚಿನೂ ಇಲ್ಲ ಪೌಷ್ಟಿಕಾಂಶನೂ ಇಲ್ಲ, ಅಂಥದ್ರಲ್ಲಿ ಅನುಮಾನ ಇದ್ರೆ ಬಿಟ್ಟುಬಿಡೋದ್ರಲ್ಲಿ ನಷ್ಟ ಏನು ಅನ್ನೋ ಯುರೋಪಿನ ವಾದ ನನಗೆ ಒಪ್ಪಿಗೆ ಆಗತ್ತೆ. ಔಷಧಿಗೆ ಅದೇ ವಾದ ಹಿಡಿಯೋಕಾಗಲ್ಲ, ಅಲ್ಲಿ ಬಿಟ್ರೆ ಆಗೋ ನಷ್ಟನೂ ತೂಗಬೇಕು.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ, ಯಾರಾದ್ರೂ ಟೆಸ್ಟ್ ಮಾಡ್ತಾರಾ ಅಂತ. ಔಷಧಿಗೆ ಮಾಡ್ತಾರೆ, ಚೆನ್ನಾಗೇ ಮಾಡ್ತಾರೆ. ಮೊದಲ ನ್ಯಾನೊ ಕ್ಯಾನ್ಸರ್ ಔಷಧಿ ಡಾಕ್ಸಿಲ್ ಅಮೆರಿಕದಲ್ಲಿ 1995ರಲ್ಲೇ ಬಂತು, ಡಾಕ್ಸೊರುಬಿಸಿನ್ ಅನ್ನೋ ಹಳೇ ಔಷಧಿನೇ ನೂರು ನ್ಯಾನೊಮೀಟರ್ ಆಸುಪಾಸಿನ ಕೊಬ್ಬಿನ ಗುಳ್ಳೆಯೊಳಗೆ ಇಟ್ಟಿದ್ದು. ಹಾಗೆ ಇಟ್ಟಿದ್ದಕ್ಕೆ ಹೃದಯಕ್ಕೆ ಆಗ್ತಿದ್ದ ಹಾನಿ ಕಮ್ಮಿ ಆಯ್ತು, ಆದ್ರೆ ಮೊದಲು ಅಷ್ಟಾಗಿ ಇಲ್ಲದಿದ್ದ ಹೊಸ ತೊಂದರೆ ಬಂತು, ಅಂಗೈ ಅಂಗಾಲು ಕೆಂಪಾಗಿ ಸುಲಿಯೋದು. ಕಣ ಔಷಧಿಯ ವಿಷನ ತೆಗೀಲಿಲ್ಲ, ಅದರ ವಿಳಾಸ ಬದಲಾಯಿಸ್ತು ಅಷ್ಟೇ, ಅದಕ್ಕೇ ಹಳೇ ಔಷಧಿಯ ಸುರಕ್ಷತಾ ವರದಿ ಹೊಸ ರೂಪಕ್ಕೆ ನಡೆಯಲ್ಲ. ಇದರ ಮೊದಲ ಜೆನೆರಿಕ್ ಅಮೆರಿಕದಲ್ಲಿ ಅನುಮತಿ ಪಡೆದಿದ್ದು 2013ರಲ್ಲಿ, ನಮ್ಮ ದೇಶದ ಸನ್ ಫಾರ್ಮಾದು. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಎಲ್ಲರೂ ಹುಡುಕ್ತಾ ಅಲೆದ ಲೈಪೊಸೋಮಲ್ ಆಂಫೊಟೆರಿಸಿನ್ ಕೂಡ ನ್ಯಾನೊ ಔಷಧಿನೇ, ಅದರ ಹಳೇ ರೂಪ ಕಿಡ್ನಿಗೆ ಎಷ್ಟು ಕಷ್ಟ ಕೊಡತ್ತೆ ಅಂತ ಆ ವಾರ್ಡಲ್ಲಿ ಕೆಲಸ ಮಾಡಿದವರನ್ನ ಕೇಳಿ. ಹಾಂ, ವ್ಯಾಕ್ಸಿನ್ ಬಗ್ಗೆನೂ ಮುಂದಿನ ವಾರ ಮೆಸೇಜ್ ಬರತ್ತೆ ಅಂತ ಗೊತ್ತು, ಕೋವಿಶೀಲ್ಡ್ ಕೊವ್ಯಾಕ್ಸಿನ್ ಎರಡರಲ್ಲೂ ಲಿಪಿಡ್, ಅಂದ್ರೆ ಕೊಬ್ಬಿನ, ನ್ಯಾನೊ ಕಣ ಇರಲಿಲ್ಲ, ಅದು ಫೈಜರ್ ಮಾಡರ್ನಾದವರದ್ದು.

ನಮ್ಮಲ್ಲಿ ಅಕ್ಟೋಬರ್ 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯವರು ನ್ಯಾನೊ ಔಷಧಿಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ತಂದ್ರು, ಗಾತ್ರ, ಆಕಾರ, ಮೇಲ್ಮೈ ಚಾರ್ಜ್, ಇಟ್ಟಷ್ಟು ದಿನ ಗಂಟುಕಟ್ಟತ್ತಾ, ಯಾವ ಅಂಗದಲ್ಲಿ ಎಷ್ಟು ದಿನ ಕೂರತ್ತೆ ಅಂತೆಲ್ಲ ಕೇಳ್ತಾರೆ, 2020ರಲ್ಲಿ ಕೃಷಿ ಮತ್ತೆ ಆಹಾರದ ನ್ಯಾನೊ ಉತ್ಪನ್ನಗಳಿಗೂ ಒಂದು ಬಂತು. ಕಾಗದದಲ್ಲಿ ಚೆನ್ನಾಗಿವೆ. ತೊಂದರೆ ಇರೋದು ಟೆಸ್ಟ್‌ಗಳಲ್ಲೇ. ಒಂದನ್ನ ಹತ್ತಿರದಿಂದ ತೋರಿಸ್ತೀನಿ. ಜೀವಕೋಶ ಬದುಕಿದ್ಯಾ ಸತ್ತಿದ್ಯಾ ಅಂತ ನೋಡೋಕೆ ಎಲ್ಲಾ ಲ್ಯಾಬಲ್ಲೂ ಮಾಡೋದು ಎಂಟಿಟಿ ಅನ್ನೋ ಟೆಸ್ಟ್, ಪ್ಲಾಸ್ಟಿಕ್ ತಟ್ಟೆಯ ಗುಳಿಗಳಿಗೆ ಒಂದು ಹಳದಿ ದ್ರಾವಣ ಹಾಕ್ತೀವಿ, ಬದುಕಿರೋ ಕೋಶ ಅದನ್ನ ನೇರಳೆ ಬಣ್ಣದ ಹರಳಾಗಿ ಮಾಡತ್ತೆ, ಆಮೇಲೆ ಅದನ್ನ ಕರಗಿಸಿ ಬಣ್ಣ ಎಷ್ಟು ಗಾಢ ಅಂತ ಮಷೀನಲ್ಲಿ ಓದ್ತೀವಿ, ನೇರಳೆ ಕಮ್ಮಿ ಅಂದ್ರೆ ಕೋಶ ಸತ್ತಿದೆ ಅಂತ ಅರ್ಥ. ಕಾರ್ಬನ್ ನ್ಯಾನೊಟ್ಯೂಬ್, ಅಂದ್ರೆ ಇಂಗಾಲದ ತೀರಾ ಸಣ್ಣ ಕೊಳವೆ, ಹಾಕಿ ಈ ಟೆಸ್ಟ್ ಮಾಡಿದವರಿಗೆ ಅರ್ಧಕ್ಕರ್ಧ ಕೋಶ ಸತ್ತ ಹಾಗೆ ಕಾಣ್ತು, ಬೇರೆ ಬಣ್ಣ ಬಳಸಿ ನೋಡಿದ್ರೆ ಎಲ್ಲಾ ಆರಾಮಾಗಿದ್ವು. ಆಗಿದ್ದೇನು ಅಂದ್ರೆ ಆ ನೇರಳೆ ಹರಳುಗಳು ನ್ಯಾನೊಟ್ಯೂಬಿಗೆ ಅಂಟ್ಕೊಂಡು ಕರಗದೇ ಕೂತಿದ್ವು. 2006ರಲ್ಲಿ ಇದನ್ನ ಬರೆದು ತೋರಿಸಿದ್ರು, ಆದ್ರೂ ಇವತ್ತಿಗೂ ಬರೀ ಎಂಟಿಟಿ ಮಾಡಿ ವಿಷ ಅಂತಾನೋ ವಿಷ ಅಲ್ಲ ಅಂತಾನೋ ಬರೆದ ಪೇಪರುಗಳು ನನ್ನ ಮೇಜಿಗೆ ಬರ್ತಾನೇ ಇರ್ತವೆ. ಇನ್ನೊಂದು ಕಾಟ ಎಂಡೊಟಾಕ್ಸಿನ್, ಬ್ಯಾಕ್ಟೀರಿಯಾದ ಗೋಡೆಯ ಚೂರು, ಲ್ಯಾಬಿನ ನೀರಲ್ಲಿ ಗಾಜಿನ ಸಾಮಾನಲ್ಲಿ ಎಲ್ಲಾ ಕಡೆ ಇರತ್ತೆ, ಕಣದ ದೊಡ್ಡ ಮೇಲ್ಮೈಗೆ ಅಂಟ್ಕೊಳ್ಳತ್ತೆ, ಇಲಿಗೆ ಜ್ವರ ಬಂದ್ರೆ ಕಣದ ತಪ್ಪು ಅಂತ ಬರೀತಾರೆ. ಅಮೆರಿಕದಲ್ಲಿ 2004ರಲ್ಲಿ ನ್ಯಾನೊ ಔಷಧಿ ಪರೀಕ್ಷೆಗೇ ಅಂತ ಶುರುವಾದ ಲ್ಯಾಬೊಂದಿದೆ ಮೇರಿಲ್ಯಾಂಡಲ್ಲಿ, ಅಲ್ಲಿಗೆ ಬರೋ ಸ್ಯಾಂಪಲ್ಲುಗಳಲ್ಲಿ ಎಷ್ಟೋ ಈ ಕಾರಣಕ್ಕೇ ಮೊದಲ ಹಂತದಲ್ಲೇ ಬಿದ್ದುಹೋಗ್ತವೆ.

ಕಾಸ್ಮೆಟಿಕ್ಸಲ್ಲಿ ಇದು ಇನ್ನೂ ಇಕ್ಕಟ್ಟು. ಯುರೋಪಲ್ಲಿ 2013ರಿಂದ ಪೂರ್ತಿಯಾಗಿ, ನಮ್ಮಲ್ಲಿ 2014ರಿಂದ ಕಾಸ್ಮೆಟಿಕ್ಸಿಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡೋ ಹಾಗಿಲ್ಲ. ಒಳ್ಳೇದೇ, ನಾನು ವಿರೋಧಿ ಅಲ್ಲ, ಆದ್ರೆ ಹಾಗಾದಾಗ ಉಳಿಯೋದು ಇದೇ ತಟ್ಟೆಯ ಟೆಸ್ಟ್‌ಗಳು, ಕಣಗಳ ಕೈಲಿ ಮೋಸ ಹೋಗೋದೂ ಇವೇ. ಅದಕ್ಕೆ ಒಂದು ಕಂಪನಿ ಡರ್ಮಟಾಲಜಿಕಲಿ ಟೆಸ್ಟೆಡ್ ಅಂತ ಬರೆದ್ರೆ ನಾನು ಅದಕ್ಕೆ ಕೊಡೋ ಬೆಲೆ ಅಷ್ಟಕ್ಕಷ್ಟೇ, ಅದು ಚರ್ಮ ಕೆರೆಯಲ್ಲ ಅಂತ ಹೇಳತ್ತೆ, ಬೇರೇನೂ ಹೇಳಲ್ಲ.

ಸ್ವರ್ಣಪ್ರಾಶನದ ಬಗ್ಗೆ ನಿಮ್ಮ ಅತ್ತೆಯ ಜೊತೆ ಜಗಳ ತಂದಿಡೋ ಆಸೆ ನನಗಿಲ್ಲ. ಅದಕ್ಕೆ ಬಳಸೋ ಸ್ವರ್ಣಭಸ್ಮನ ಎಕ್ಸ್‌ರೇ ವಿಧಾನದಲ್ಲಿ ನೋಡಿದವರಿಗೆ 50-60 ನ್ಯಾನೊಮೀಟರಿನ ಚಿನ್ನದ ಹರಳು ಕಂಡಿವೆ, ಹಾಗಾಗಿ ನ್ಯಾನೊ ಅನ್ನೋದು ಸುಳ್ಳಲ್ಲ. ಕೆಲವರು ಇದನ್ನೇ ಹೆಮ್ಮೆಯಿಂದ ನೋಡಿ ನಮ್ಮವರು ಆಗಲೇ ಕಂಡುಹಿಡಿದಿದ್ರು ಅಂತಾರೆ, ಹೇಳ್ಲಿ, ಆದ್ರೆ ಅದೇ ಬಾಯಲ್ಲಿ ಹಾಗಾದ್ರೆ ನ್ಯಾನೊ ಔಷಧಿಗೆ ಕೇಳೋ ಎಲ್ಲಾ ಟೆಸ್ಟನ್ನೂ ಮಾಡಿಸೋಣ ಅಂತಾನೂ ಹೇಳ್ಬೇಕಲ್ವಾ. ಚಿನ್ನ ಕರಗಲ್ಲ, ದೇಹ ಅದನ್ನ ಒಡೆಯಲ್ಲ. ನನ್ನ ಹೆಚ್ಚಿನ ಚಿಂತೆ ಚಿನ್ನದ್ದಲ್ಲ, ಜೊತೆಗೆ ಬರೋ ಬೇರೆ ಲೋಹಗಳದ್ದು. 2004ರಲ್ಲಿ ಬಾಸ್ಟನ್ನಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿದ್ವು. ಹಸುಗೂಸಿನ ಮೆದುಳಿಗೆ ಸೀಸದಷ್ಟು ಕೆಟ್ಟದ್ದು ಕಮ್ಮಿ. ಪುಷ್ಯ ನಕ್ಷತ್ರದ ದಿನ ಕ್ಯೂ ನಿಂತು ಯಾರೋ ಹನಿ ಹಾಕಿದ್ರು ಅಂತ ಆಗ್ಬಾರ್ದು, ಆ ಬ್ಯಾಚಿನ ಲೋಹಗಳ ವರದಿ ಕೇಳಿ, ಇಲ್ಲ ಅಂದ್ರೆ ಬೇಡ ಅನ್ನಿ. ಅದರ ಜೊತೆ ಜೇನು ಕೊಡ್ತಾರಲ್ಲ, ಒಂದು ವರ್ಷದೊಳಗಿನ ಮಗುಗೆ ಜೇನು ಕೊಡಲೇಬಾರ್ದು, ಬಾಟ್ಯುಲಿಸಂ ಅನ್ನೋ ಬ್ಯಾಕ್ಟೀರಿಯಾ ವಿಷದ ಕಾಯಿಲೆ ಬರೋ ಸಾಧ್ಯತೆ ಇದೆ. ಅತ್ತೆಗೆ ಹೇಳೋಕೆ ಈ ಕಾರಣ ಸುಲಭ.

ಕೊನೇಗೆ ನಿಮ್ಮ ತಮ್ಮ. ನೀವು ಒಂದು ಸಾಲಲ್ಲಿ ಹೇಳಿ ಮುಗಿಸಿದ್ರಿ, ನಿಮ್ಮ ಪೂರ್ತಿ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಆಗಿದ್ದು ಅವನದ್ದೇ. ಕ್ರೀಮಲ್ಲಿ, ಪೇಸ್ಟಲ್ಲಿ, ಒಣಗಿದ ಪೇಂಟಲ್ಲಿ ಕಣ ಸಿಕ್ಕಿಹಾಕ್ಕೊಂಡಿರತ್ತೆ. ಮೂಟೆ ಹರಿದು ಡ್ರಮ್ಮಿಗೆ ಸುರಿಯೋವಾಗ ಅದು ಗಾಳೀಲಿರತ್ತೆ, ಅದೂ ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ. ಬಿಳಿ ಪುಡಿ ಅಂದ್ರೆ ಬಹುಶಃ ಟೈಟಾನಿಯಂ ಡೈಆಕ್ಸೈಡ್, ಉಸಿರಾಡಿದ್ರೆ ಮನುಷ್ಯರಿಗೆ ಕ್ಯಾನ್ಸರ್ ತರೋ ಸಾಧ್ಯತೆ ಇರಬಹುದು ಅನ್ನೋ 2ಬಿ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಅದನ್ನ ಸೇರಿಸಿದೆ, ಇಲಿಗಳ ಶ್ವಾಸಕೋಶದ ಫಲಿತಾಂಶದ ಮೇಲೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ 2011ರಲ್ಲಿ ಮಾಮೂಲಿ ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ಒಂದು ಘನ ಮೀಟರ್ ಗಾಳೀಲಿ 2.4 ಮಿಲಿಗ್ರಾಂ ಮಿತಿ ಹಾಕಿ, ಅದೇ ವಸ್ತು ನ್ಯಾನೊ ಗಾತ್ರದಲ್ಲಿದ್ರೆ 0.3 ಮಿಲಿಗ್ರಾಂ ಅಂತು. ವಸ್ತು ಒಂದೇ, ಮಿತಿ ಎಂಟನೇ ಒಂದು ಪಾಲು. ಕಾರ್ಬನ್ ನ್ಯಾನೊಟ್ಯೂಬ್ ಆಗಿದ್ರೆ ಮಿತಿ 1 ಮೈಕ್ರೋಗ್ರಾಂ, ಯಾಕಂದ್ರೆ ಉದ್ದನೆಯ ಗಟ್ಟಿ ಎಳೆಗಳು ಇಲಿಯ ದೇಹದಲ್ಲಿ ಕಲ್ನಾರಿನ ಥರ ವರ್ತಿಸಿದ್ದನ್ನ 2008ರಲ್ಲೇ ನೋಡಿದಾರೆ. ನಮ್ಮ ಕಾನೂನಲ್ಲಿ ನ್ಯಾನೊ ಪುಡಿಗೆ ಅಂತ ಬೇರೆ ಮಿತಿ ಇಲ್ಲ, ಹಾಗಾಗಿ ಇನ್‌ಸ್ಪೆಕ್ಟರ್ ಬಂದು ಕೇಳ್ತಾರೆ ಅಂತ ಕಾಯೋದು ಬೇಡ.

ಅವನಿಗೆ ಹೇಳಿ, ಮೂಟೆ ಜೊತೆ ಸೇಫ್ಟಿ ಡೇಟಾ ಶೀಟ್ ಬರತ್ತೆ, ಸೂಪರ್‌ವೈಸರ್ ಹತ್ರ ಕೇಳಿ ಫೋಟೋ ತೆಗೆದು ನನಗೆ ಕಳಿಸ್ಲಿ, ಏನು ಪುಡಿ ಎಷ್ಟು ನವಿರು ಅಂತ ನೋಡ್ತೀನಿ. ಕರ್ಚೀಫ್ ಕಟ್ಕೊಂಡ್ರೆ ಪ್ರಯೋಜನ ಇಲ್ಲ, ಸರ್ಜಿಕಲ್ ಮಾಸ್ಕೂ ಸಾಲದು, ಎನ್95 ಬೇಕು, ಅದೂ ಗಡ್ಡ ಇದ್ರೆ ಪಕ್ಕದಿಂದ ಗಾಳಿ ನುಗ್ಗತ್ತೆ, ಶೇವ್ ಮಾಡ್ಲಿ. ಎನ್95 ಇಷ್ಟು ಸಣ್ಣ ಕಣನ ಹಿಡಿಯಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬೋದು ಬೇಡ, ಅದರ ಬಟ್ಟೆಗೆ ಹಿಡಿಯೋಕೆ ಕಷ್ಟ ಆಗೋ ಗಾತ್ರದ ಆಸುಪಾಸಲ್ಲೇ ಅದನ್ನ ಟೆಸ್ಟ್ ಮಾಡೋದು, ಇನ್ನೂ ಸಣ್ಣವು ಅತ್ತಿಂದಿತ್ತ ತೊನೆದಾಡಿ ಎಳೆಗೆ ತಗಲಿ ಅಲ್ಲೇ ಉಳಿತವೆ. ಶಿಫ್ಟ್ ಮುಗಿದ್ಮೇಲೆ ಪೊರಕೆ ಹಾಕೋದು, ಏರ್ ಗನ್ನಲ್ಲಿ ಮೈಮೇಲಿನ ಪುಡಿ ಊದ್ಕೊಳ್ಳೋದು ಎರಡೂ ನಿಲ್ಲಿಸ್ಲಿ, ಒದ್ದೆ ಬಟ್ಟೇಲಿ ಒರೆಸ್ಬೇಕು. ಕೆಲಸದ ಬಟ್ಟೆ ಮನೆಗೆ ತರೋದಾದ್ರೆ ಬೇರೆ ಒಗೀಲಿ, ಅದನ್ನ ಕೊಡವೋ ಕೆಲಸ ನಿಮ್ಮ ಪಾಲಿಗೆ ಬೇಡ. ಡ್ರಮ್ ಬಾಯಿ ಹತ್ರ ಎಕ್ಸಾಸ್ಟ್ ಹಾಕ್ಸಿ ಅಂತ ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿದ್ರೆ ಓನರ್ ಕೇಳಬಹುದು, ಒಬ್ಬನೇ ಹೋದ್ರೆ ಕಷ್ಟ ಅಂತ ನನಗೂ ಗೊತ್ತು. ಆಮೇಲೆ ವರ್ಷಕ್ಕೊಂದು ಸಲ ಸ್ಪೈರೊಮೆಟ್ರಿ, ಅಂದ್ರೆ ಊದಿಸಿ ಶ್ವಾಸಕೋಶ ನೋಡೋ ಪರೀಕ್ಷೆ, ಮಾಡಿಸ್ಲಿ, ರಾಜೀವ್ ಗಾಂಧಿ ಎದೆರೋಗ ಸಂಸ್ಥೆ ಬೆಂಗಳೂರಲ್ಲೇ ಇದೆ. ಹೋದಾಗ ಪೇಂಟ್ ಪುಡಿ ಕೆಲಸ ಅಂತ ಬಾಯಿಬಿಟ್ಟು ಹೇಳ್ಬೇಕು, ಬರೀ ಕೆಮ್ಮು ಅಂದ್ರೆ ಸಿರಪ್ ಕೊಟ್ಟು ಕಳಿಸ್ತಾರೆ.